ಟವರಿನಿಂದ ಬಂದವನು

ರಾಮನಾಥಪುರದ ಬಸ್‌ಸ್ಟ್ಯಾಂಡಿನಲ್ಲಿ ಹಾಸನದ ಬಸ್ಸಿಗೆ ಕಾಯುತ್ತಿದ್ದೆ. ಪಕ್ಕದ ಬೆಂಚಿನಲ್ಲಿ ವಯಸ್ಸಾದ ತಾಯಿಯೊಬ್ಬರು ಒಬ್ಬ ಯುವಕನ ಕೈ ಹಿಡಿದು ಕೂತಿದ್ದರು. ಪೈಲಟ್ ಆಗಿದ್ದ ಮಗಳ ಹನ್ನೊಂದನೇ ದಿನದ ಕಾರ್ಯ ಆಗಷ್ಟೇ ಮುಗಿದಿತ್ತಂತೆ; ಅದಕ್ಕೆ ಬಂದಿದ್ದ ಅವನನ್ನು ಬಸ್ಸು ಹತ್ತಿಸಲು ಬಂದಿದ್ದರು.

“ನಮ್ ಮೇಘಶ್ರೀ ಕೊನೇಲಿ ಮಾತಾಡಿದ್ದು ನಿನ್ ಜೊತೇಲೇ ಏನಪ್ಪಾ?”

“ಹೂಂ ಅಮ್ಮ. ಏರ್‌ಪೋರ್ಟಿನ ಕಂಟ್ರೋಲ್ ಟವರಿನಲ್ಲಿ ಆಗ ನಾನೇ ಇದ್ದೆ. ಇಂಜಿನ್ ನಿಂತೋಯ್ತು ಅಂತ ರೇಡಿಯೋದಲ್ಲಿ ಹೇಳಿದ್ರು.”

“ಆಮ್ಯಾಕೆ?”

“ಮುಂದೆ ಇಳೀತಿದ್ದ ದೊಡ್ಡ ವಿಮಾನಾನ ಬೇರೆ ಕಡೆ ತಿರುಗಿಸಿ ರನ್‌ವೇ ಬಿಡಿಸಿಕೊಟ್ಟೆ. ಇವರ ಚಿಕ್ಕ ವಿಮಾನ ಅಲ್ಲೀವರೆಗೂ ಬರಲಿಲ್ಲ.”

“ಆ ದೊಡ್ಡ ವಿಮಾನದೋರು?”

“ಎಲ್ಲರೂ ಆಮೇಲೆ ಕ್ಷೇಮವಾಗಿ ಇಳಿದ್ರು.”

“ಒಳ್ಳೇದಾಯ್ತು ಬುಡು. ಇವ್ಳು ಎದರಿಕೊಂಡಿದ್ಲಾ?”

“ಇಲ್ಲಮ್ಮ.”

“ಸುಳ್ಳೇಳಬ್ಯಾಡ ಕಣಪ್ಪ.”

ಅವನು ತಲೆ ತಗ್ಗಿಸಿದ. “ದನಿ ನಡುಗ್ತಿತ್ತು. ನಾನು ಮಾತಾಡ್ತಾನೇ ಇದ್ದೆ.”

“ಅವ್ಳಿಗೆ ಕೇಳಿಸ್ತಿತ್ತಾ?”

“ಕೇಳಿಸ್ತಿತ್ತು. ಕೊನೇವರೆಗೂ ಉತ್ತರ ಕೊಡ್ತಿದ್ರು.”

“ಅಂಗಾದ್ರೆ ಒಬ್ಳೇ ಇರ್ಲಿಲ್ಲ ನನ್ ಮಗ್ಳು.”

ಬಸ್ಸು ಬಂತು. ಅವನು ಎದ್ದ. ಆಕೆ ಕೈ ಬಿಡಲಿಲ್ಲ.

“ಮನೇಲಿ ಅವ್ಳಪ್ಪ ಅವತ್ತಿಂದ ಒಂದು ಮಾತೂ ಆಡಿಲ್ಲ. ಅವ್ರಿಗೂ ಇದ್ನ ಏಳ್ಬುಟ್ಟು ಓಗು.”

ಅವನು ಆ ಬಸ್ಸು ಹತ್ತಲಿಲ್ಲ. ಇಬ್ಬರೂ ಊರೊಳಗೆ ನಡೆದರು.