ಹಂದಿ ಗೆದ್ದ ಗುರಿಕಾರ

ಲಿಂಡೆನ್‌ಬುರ್ಗಿನ ಬತ್ತಿ ತುಪಾಕಿಯಿಂದ ಗುರಿ ಹೊಡೆಯುವ ಪಂದ್ಯ ಮುಗಿದ ಮರುದಿನ, ರೊಟ್ಟಿ ಅಂಗಡಿಯ ಸಾಲಿನಲ್ಲಿ ಅಪೊಲೋನಿಯಾ, ಬಾರ್ಬೆಲ್ ಎಂಬಿಬ್ಬರು ಹೆಂಗಸರ ಹಿಂದೆ ನಿಂತಿದ್ದ ನೇಕಾರ ಲಿಯೆನ್‌ಹಾರ್ಟ್ ಕಿವಿ ನಿಮಿರಿಸಿದ.

“ನಿಮ್ಮನೆಯವ್ರಿಗೆ ಹಂದಿ ಬಂತಂತೆ, ಬಾರ್ಬೆಲ್.”

“ಬಂತಮ್ಮ. ಕಟ್ಟಕಡೆಯವ್ರಿಗೆ ತಾನೆ ಹಂದಿ ಕೊಡೋದು.”

“ಅವರು ಹೊಡೆಯೋವಾಗ ತಾಗಿದ ಗುಂಡು ಎಣಿಸೋನು ಗುರಿಹಲಗೆ ಮುಂದೇನೇ ನಿಂತ್ನಂತೆ. ಅದಕ್ಕಿಂತ ಭದ್ರವಾದ ಜಾಗ ಇಲ್ಲ ಅಂತ.”

“ನಿಂತ. ಅವನಿಗೆ ಒಂದು ಗೀರೂ ಬೀಳಲಿಲ್ಲ.”

“ನಮ್ಮನೆಯವ್ರಿಗೆ ಮೊದಲನೇ ಬಹುಮಾನ. ರೇಷ್ಮೆ ಬಾವುಟ.”

“ಬೇಯಿಸ್ಕೊಂಡು ತಿನ್ನಿ. ನಮ್ಮನೇಲಿ ಕ್ರಿಸ್‌ಮಸ್‌ವರೆಗೂ ಮಾಂಸ ಇದೆ.”

“ಪಾಪ, ನಾಚಿಕೊಂಡು ಮನೇಲೇ ಕೂತಿರ್ಬೇಕು.”

“ಕೂರೋಕೆ ಪುರುಸೊತ್ತೆಲ್ಲಿ? ತುಪಾಕಿ ತಗೊಂಡು ಕಾವಲಿಗೆ ಹೋದ್ರು. ಊರ ಕೋಟೆಯ ಪೂರ್ವದ ಬುರುಜಿಗೆ ಇವರೇ ಮುಖ್ಯಸ್ಥರು.”

ಹೆಂಗಸರು ರೊಟ್ಟಿ ತೆಗೆದುಕೊಂಡು ಹೊರಟರು. ಆ ಬುರುಜಿನ ಕೆಳಗೇ ಮನೆ ಮಾಡಿದ್ದ ಲಿಯೆನ್‌ಹಾರ್ಟ್, ಶತ್ರು ಬಂದರೆ ಕೋಟೆಯ ಹೊರಗೆ ಹೋಗಿ ಶತ್ರುವಿನ ಪಕ್ಕದಲ್ಲೇ ನಿಲ್ಲುವುದು ಕ್ಷೇಮವೆಂದುಕೊಂಡ.