ಯಾವ ಪಾರ್ಟಿಗೂ ಸೇರದ ಮರ್ಲಾ

ನಮ್ಮ ನ್ಯೂ ಹ್ಯಾಂಪ್‌ಷೈರ್‌ನಲ್ಲಿ ಅಮೆರಿಕದ ಅಧ್ಯಕ್ಷ ಸ್ಥಾನಕ್ಕೆ ಪಾರ್ಟಿಗಳು ತಮ್ಮ ಅಭ್ಯರ್ಥಿಯನ್ನು ಆರಿಸುವ ಪ್ರೈಮರಿ ಚುನಾವಣೆ ಮುಗಿದ ಮರುದಿನ, ಕಾರಿನ ನೋಂದಣಿಗೆಂದು ಊರ ಕಚೇರಿಯಲ್ಲಿ ಸಾಲು ನಿಂತಿದ್ದೆ. ನನ್ನ ಮುಂದೆ ನಾಯಿಯ ಲೈಸೆನ್ಸಿಗೆ ಬಂದ ಯೂನಿಸ್, ಅವಳ ಮುಂದೆ ಅವಳ ತಂಗಿ ಮರ್ಲಾ.

“ಅಬ್ಬಾ, ಬದುಕಿದೆ ಕಣೇ! ನಮ್ಮ ವಿನ್‌ಸ್ಲೋಗೆ ನೂರಕ್ಕೆ ಹದಿನೈದೂ ಚಿಲ್ಲರೆ ವೋಟು ಬಂತು,” ಎಂದಳು ಯೂನಿಸ್.

“ಮೂರನೇ ಸ್ಥಾನಕ್ಕೆ ಇಷ್ಟು ಕುಣೀತೀಯಲ್ಲಕ್ಕಾ!”

“ಹದಿನೈದು ದಾಟದಿದ್ರೆ ಒಬ್ಬ ಪ್ರತಿನಿಧೀನೂ ಸಿಗ್ತಿರ್ಲಿಲ್ಲ. ಈಗ ಪಾರ್ಟಿ ಸಮಾವೇಶಕ್ಕೆ ಅವನ ಕಡೆಯಿಂದ ನಾಲ್ಕು ಜನ ಹೋಗ್ತಾರೆ. ಹಿಮದಲ್ಲಿ ಮನೆಮನೆ ಬಾಗಿಲು ತಟ್ಟಿದ್ದು ದಂಡ ಆಗ್ಲಿಲ್ಲ.”

“ನನ್ನ ಬಾಗಿಲನ್ನೇ ಐದು ಸಲ ತಟ್ಟಿದೆ ನೀನು.”

“ತೆಗೆದ್ಯಾ? ‘ನಾನು ಯಾವ ಪಾರ್ಟಿಯವಳೂ ಅಲ್ಲ’ ಅಂತ ಕಿಟಕೀಲೇ ಕೂಗಿದೆ. ಮೂವತ್ತು ವರ್ಷದಿಂದ ಅದೇ ರಾಗ. ನಿನ್ನೆ ವೋಟಿಗೂ ಬಂದಿರಲಾರೆ ನೀನು.”

ಅಷ್ಟರಲ್ಲಿ ಮರ್ಲಾಳ ಸರದಿ ಬಂತು. ಅವಳು ಗುಮಾಸ್ತೆಯ ಹತ್ತಿರ ಬಾಗಿ ದನಿ ತಗ್ಗಿಸಿದಳು.

“ನಿನ್ನೆ ಒಂದು ಪಾರ್ಟಿಯ ಮತಪತ್ರ ತಗೊಂಡು ವೋಟು ಹಾಕ್ದೆ. ತಗೊಂಡ ಕೂಡ್ಲೇ ಆ ಪಾರ್ಟಿಗೆ ಹೆಸರು ಸೇರಿಬಿಡುತ್ತಲ್ಲ. ಪಾರ್ಟಿಯಿಂದ ಹೆಸರು ತೆಗೆಸೋ ಕಾರ್ಡಿಗೆ ಹೊರಡುವಾಗ ಸಹಿ ಹಾಕೋದೇ ಮರೆತುಬಿಟ್ಟೆ. ಈಗ ಹಾಕ್ಲಾ?”

“ಯಾವ ಪಾರ್ಟಿದೇ?” ಯೂನಿಸ್ ಹಿಂದಿನಿಂದ ಕತ್ತು ಚಾಚಿದಳು.

“ನಿಮ್ದೇ.”

“ಯಾರಿಗೆ ಹಾಕ್ದೆ?”

“ಐದನೇ ಸಲ ಬಂದಾಗ ಚಳಿಗೆ ನಿನ್ನ ಮೂಗು ಬೀಟ್‌ರೂಟ್ ಆಗಿತ್ತು. ಇನ್ಯಾರಿಗೆ ಹಾಕ್ಲಿ?”

ಗುಮಾಸ್ತೆ ಕಾರ್ಡು ಚಾಚಿದಳು. ಮರ್ಲಾ ಸಹಿ ಹಾಕಿ ಪೆನ್ನು ಇಟ್ಟಳು.

“ಆಯ್ತು. ನಾನೀಗ ಮತ್ತೆ ಯಾರವಳೂ ಅಲ್ಲ.”

“ಸುಮ್ನೆ ನಡಿಯೇ,” ಎಂದು ಯೂನಿಸ್ ತಂಗಿಯ ತೋಳು ಹಿಡಿದು ಬಾಗಿಲ ಕಡೆ ಎಳೆದುಕೊಂಡು ಹೋದಳು.

ನಾಯಿಯ ಲೈಸೆನ್ಸ್ ಇಬ್ಬರಿಗೂ ನೆನಪಾಗಲಿಲ್ಲ. ನನ್ನ ಸರದಿ ಬೇಗ ಬಂತು.