ಆಸ್ಲಾಕ್ ಹೊತ್ತು ತಂದ ಮೀನು

ಅಧ್ಯಕ್ಷರಾದ ಐವಿಂಡ್ ಅವರೇ, ಜಿಲ್ಲಾ ಕೇಂದ್ರದಿಂದ ದಾರಿ ಸವೆಸಿ ಬಂದಿರುವ ಅತಿಥಿಗಳೇ, ತೊರೆ ಸಂರಕ್ಷಣಾ ಸಂಘದ ಸ್ವಯಂಸೇವಕರೇ, ಹಿಂದಿನ ಸಾಲಿನಲ್ಲಿ ಆಗಲೇ ಕಾಫಿ ಬಗ್ಗಿಸಿಕೊಳ್ಳುತ್ತಿರುವ ಸಭಿಕರೇ,

ವಾರ್ಷಿಕೋತ್ಸವದಲ್ಲಿ ನಾಲ್ಕು ಒಳ್ಳೆಯ ಮಾತನಾಡಿ ಎಂದು ನನ್ನನ್ನು ಕರೆದಿದ್ದೀರಿ. ಗುನ್‌ವೋರ್ ಎಂಬ ಈ ಮುದುಕಿಯನ್ನು ಒಳ್ಳೆಯ ಮಾತಿಗಾಗಿ ಯಾರೂ ಕರೆಯುವುದಿಲ್ಲ ಎಂದು ನಿಮಗೂ ಗೊತ್ತು, ನನಗೂ ಗೊತ್ತು. ಕ್ವೆರ್ನ ತೊರೆ ನನ್ನ ಜಮೀನಿನಲ್ಲಿ ಹರಿಯುತ್ತದೆ. ಅದರಲ್ಲಿರುವ ಅಮೆರಿಕದ ಟ್ರೌಟ್ ಮೀನುಗಳನ್ನೆಲ್ಲ ಈ ಬೇಸಿಗೆಯ ಕೊನೆಗೆ ಹಿಡಿದು ಕೊಲ್ಲಬೇಕು, ಈ ಬೆಟ್ಟದ ಮೂಲ ಟ್ರೌಟ್ ಮೀನು ಉಳಿಯಬೇಕು ಎಂಬುದು ನಿಮ್ಮ ಯೋಜನೆ. ಅದಕ್ಕೆ ನನ್ನ ಒಪ್ಪಿಗೆ ಬೇಕು. ಮೂರು ವರ್ಷಗಳಿಂದ ನಾನು ಒಲ್ಲೆ ಎನ್ನುತ್ತಿದ್ದೇನೆ. ಏಕೆಂದರೆ ಆ ಮೀನನ್ನು ತಂದು ಬಿಟ್ಟವರು ನನ್ನ ಗಂಡ ಆಸ್ಲಾಕ್. ಅವರು ತೀರಿಕೊಂಡಿದ್ದಾರೆ, ಅವರ ಮೀನು ಬದುಕಿದೆ.

ಇಂದು ನನ್ನ ಉತ್ತರ ಹೇಳುತ್ತೇನೆ. ಆದರೆ ಮೊದಲು ನೀವು ಕೂತು ಕೇಳಬೇಕು. ನಿಮ್ಮಲ್ಲಿ ಅರ್ಧ ಜನ ಆಗ ಹುಟ್ಟಿರಲಿಲ್ಲ. ಉಳಿದರ್ಧ ಜನ ಮರೆತಿದ್ದಾರೆ.

ಸತ್ತ ನೀರು ಹೇಗಿರುತ್ತದೆ, ಬಲ್ಲಿರಾ? ಬಹಳ ಚೆಂದವಾಗಿರುತ್ತದೆ. ಯಾವ ಯಾವುದೋ ದೇಶದ ಚಿಮಣಿಗಳ ಹೊಗೆ ಇಲ್ಲಿಗೆ ಬಂದು ಮಳೆಯಾಗಿ, ಹಿಮವಾಗಿ ಬಿದ್ದು ನಮ್ಮ ನೀರನ್ನು ಹುಳಿ ಮಾಡಿದ ಕಾಲ ಅದು. ಮೊದಲು ಮೀನಿನ ಮೊಟ್ಟೆಗಳು ಸತ್ತವು. ಬಲೆಗೆ ಬರಿಯ ಮುದಿ ಮೀನುಗಳು ಬೀಳತೊಡಗಿದವು. ಆಮೇಲೆ ಅವೂ ಇಲ್ಲ. ಮಡುವಿನ ತಳದ ಒಂದೊಂದು ಕಲ್ಲೂ ಗಾಜಿನೊಳಗೆ ಇಟ್ಟಂತೆ ಕಾಣುತ್ತಿತ್ತು. ಪಟ್ಟಣದ ದಂಪತಿ ಬಂದು ನಿಂತು, "ಅಬ್ಬಾ, ಎಷ್ಟು ತಿಳಿಯಾಗಿದೆ ನೀರು! ನೀವು ಪುಣ್ಯವಂತರು ಕಣ್ರೀ" ಎಂದರು.

"ಹೌದು ಸ್ವಾಮಿ, ಕಲಕೋಕೆ ಒಂದು ಹುಳಾನೂ ಉಳಿದಿಲ್ಲ ನೋಡಿ" ಎಂದರು ಆಸ್ಲಾಕ್.

ಆ ಚಳಿಗಾಲದಲ್ಲಿ ಅವರು ತೊರೆಯ ಕಡೆಯ ಕಿಟಕಿಗೆ ಬೆನ್ನು ಮಾಡಿ ಕೂತು ಉಣ್ಣುತ್ತಿದ್ದರು. ಹುಳಿ ನೀರನ್ನು ತಡೆದುಕೊಳ್ಳುವ ಅಮೆರಿಕದ ಟ್ರೌಟ್ ಒಂದಿದೆ, ಮರಿಗಳು ಸಿಗುತ್ತವೆ ಎಂದು ಯಾರೋ ಹೇಳಿದ ದಿನ ಕುರ್ಚಿಯನ್ನು ತಿರುಗಿಸಿಕೊಂಡರು.

ಆಗ ಬೆಟ್ಟಕ್ಕೆ ರಸ್ತೆಯಿರಲಿಲ್ಲ. ಮರಿಗಳನ್ನು ಹಾಲಿನ ಕ್ಯಾನಿನಲ್ಲಿ ಬೆನ್ನ ಮೇಲೆ ಹೊತ್ತು ಹತ್ತಬೇಕು. ಹೊತ್ತವನು ನಡೆಯುತ್ತಲೇ ಇರಬೇಕು; ನೀರು ಕುಲುಕುತ್ತಿದ್ದರೆ ಮಾತ್ರ ಮೀನಿಗೆ ಉಸಿರು. ದೊಡ್ಡ ಕ್ಯಾನು ಅವರ ಬೆನ್ನಿಗೆ, ಸಣ್ಣದು ನನ್ನ ಬೆನ್ನಿಗೆ. ಅರ್ಧ ದಾರಿಯಲ್ಲಿ ನಾನು ಒಂದು ಬಂಡೆ ನೋಡಿದೆ.

"ಕೂರಬೇಡ ಕಣೇ, ಕೂತ್ರೆ ಮೀನು ಸಾಯುತ್ತೆ."

"ಕೂರ್ದಿದ್ರೆ ನಾನು ಸಾಯ್ತೀನಿ."

"ನೀನು ಗಟ್ಟಿ ಜೀವ. ಮೀನು ಪಾಪ, ಸೂಕ್ಷ್ಮ."

ನಾನು ಕೂರಲಿಲ್ಲ. ನನ್ನ ಮಗ ಟೊರ್ಗೈರ್ ಆಗ ಹೊಟ್ಟೆಯಲ್ಲಿದ್ದ. ಈ ಮಾತನ್ನು ಇಲ್ಲಿ ಹೇಳಬೇಕೆಂದಿರಲಿಲ್ಲ, ಬಂದುಬಿಟ್ಟಿತು. ನಾನು ಯಾಕೆ ಹತ್ತಿದೆ? ಗಂಡ ಹೇಳಿದರೆಂದೇ? ನನ್ನನ್ನು ಬಲ್ಲವರು ಹಾಗೆ ತಿಳಿಯಲಾರರು. ಖಾಲಿ ತೊರೆಯ ಪಕ್ಕದಲ್ಲಿ ಮಗುವನ್ನು ಬೆಳೆಸುವುದು ನನಗೆ ಬೇಕಿರಲಿಲ್ಲ.

ಮಾನ್ಯ ಅಧ್ಯಕ್ಷರು ಮೂರು ವರ್ಷದ ಹಿಂದೆ, ಈ ಯೋಜನೆಯ ಮೊದಲ ಸಭೆಯಲ್ಲೇ, ಆ ಮೀನನ್ನು "ಅಮೆರಿಕದ ಕಸ" ಎಂದು ಕರೆದರು. ಐವಿಂಡ್, ನೆಲ ನೋಡಬೇಡ, ನನ್ನನ್ನು ನೋಡು. ಪಕ್ಕದ ಮನೆಯ ನೀನು ಏಳು ವರ್ಷದವನಿದ್ದಾಗ ಒದ್ದೆ ಬೂಟಿನಲ್ಲೇ ನನ್ನ ಅಡುಗೆಮನೆಗೆ ನುಗ್ಗಿ, "ಅಜ್ಜೀ, ನಾನೇ ಹಿಡ್ದಿದ್ದು, ನಾನೊಬ್ಬನೇ!" ಎಂದು ಕುಣಿದೆಯಲ್ಲ, ಅದು ಯಾವ ಮೀನು? ಆ ಕಸವನ್ನು ಬೆಣ್ಣೆಯಲ್ಲಿ ಹುರಿದುಕೊಟ್ಟವಳು ನಾನು. ತಲೆಯನ್ನೂ ಬಿಡದೆ ತಿಂದವನು ನೀನು. ಈ ಸಂಘದಲ್ಲಿ ಇಂದು ತೊರೆಯನ್ನು ಪ್ರೀತಿಸುವವರು ಆ ಪ್ರೀತಿಯನ್ನು ಕಲಿತದ್ದು ಯಾವ ಮೀನಿನಿಂದ? ನಾನು ಮೂರು ವರ್ಷ ಒಲ್ಲೆ ಎಂದದ್ದು ಮೀನಿಗಾಗಿ ಅಲ್ಲ, ಆ ಒಂದು ಮಾತಿಗಾಗಿ ಎಂದುಕೊಳ್ಳಿ.

ಇನ್ನು ನಿಮ್ಮ ಕೆಲಸದ ಬಗ್ಗೆ. ಅದನ್ನು ಹೊಗಳದಿದ್ದರೆ ನಾನು ಸುಳ್ಳುಗಾತಿ. ಸಮುದ್ರದ ದಂಡೆಯಿಂದ ಚಿಪ್ಪಿನ ಮರಳು ತರಿಸಿ, ಮೂಟೆ ಮೂಟೆಯಾಗಿ ಬೆನ್ನ ಮೇಲೆ ಹೊತ್ತು, ವರ್ಷ ವರ್ಷವೂ ತೊರೆಗೆ ಸುರಿದು ನೀರಿನ ಹುಳಿ ಮುರಿದವರು ನೀವು. ಅಂಚೆಯವನು, ಶಾಲೆಯ ಅಡುಗೆಯವಳು, ಪಾದ್ರಿಯ ಹೆಂಡತಿ. ಯಾರಿಗೂ ಸಂಬಳವಿಲ್ಲ, ಎಲ್ಲರಿಗೂ ಬೆನ್ನುನೋವು. ಆ ಅಡುಗೆಯವಳೇ ನನ್ನ ಸೊಸೆ ಸೋಲ್ವಿ. ತೊರೆಯ ತುತ್ತತುದಿಯಲ್ಲಿ, ಬುಗ್ಗೆಯ ನೀರು ಹುಳಿಯನ್ನು ತಡೆದ ಒಂದು ಮೂಲೆಯಲ್ಲಿ, ನಮ್ಮ ಮೂಲ ಟ್ರೌಟ್ ಇನ್ನೂ ಉಳಿದಿದೆ ಎಂದು ಕಂಡುಹಿಡಿದವಳು ಅವಳು. ಆಸ್ಲಾಕ್ ಹೋಗಿ ಎರಡು ವರ್ಷಗಳಾಗಿದ್ದವು.

ಅವಳು ನನ್ನ ಜೊತೆ ವಾದ ಮಾಡಲಿಲ್ಲ. ಒಮ್ಮೆ ಮಾತ್ರ, "ಮಾವ ಇದ್ದಿದ್ರೆ ಒಪ್ತಿದ್ರು, ಅತ್ತೆ" ಎಂದಳು.

"ನಿನ್ನ ಮಾವನ ವಿಷಯ ನನಗೆ ಹೇಳ್ತೀಯಾ? ಒಪ್ತಿರ್ಲಿಲ್ಲ. ಬಾಗಿಲು ಬಡಿದು ಹೋಗ್ತಿದ್ರು. ಮೂರು ದಿನ ಯಾರ ಹತ್ರಾನೂ ಮಾತಾಡ್ತಿರ್ಲಿಲ್ಲ. ಆಮೇಲೆ ತಾವೇ ಹೋಗಿ ಬಲೆ ತರ್ತಿದ್ರು."

"ಹಾಗಾದ್ರೆ ನಿಮ್ಮ ಮೂರು ದಿನ ಯಾವಾಗ ಮುಗಿಯುತ್ತೆ ಅತ್ತೆ?"

ನೋಡಿ, ಎಂಥ ಬಾಯಿ! ಅವಳನ್ನು ಮನೆಯಿಂದ ಹೊರಗೆ ಕಳಿಸಿದೆ. ಮಾರನೆಯ ದಿನ ಅವಳ ಹಿಂದೆಯೇ ಬೆಟ್ಟ ಹತ್ತಿದೆ.

ಅದು ಕಳೆದ ಅಕ್ಟೋಬರ್, ಮೀನು ಮೊಟ್ಟೆಯಿಡುವ ಕಾಲ. ದಂಡೆಯ ಮೇಲೆ ಬೋರಲಾಗಿ ಮಲಗಿ ನೋಡಿದೆವು. ನಮ್ಮ ಮೂಲ ಟ್ರೌಟಿನ ಹೆಣ್ಣೊಂದು ಮೈ ವಾಲಿಸಿ, ಬಾಲದಿಂದ ಜಲ್ಲಿಕಲ್ಲು ಬಡಿದು ಬಡಿದು ಗುಂಡಿ ತೋಡುತ್ತಿತ್ತು. ಬಾಲದ ಅಂಚು ಸವೆದು ಬೆಳ್ಳಗಾಗಿತ್ತು. ಅದರ ಪಕ್ಕಕ್ಕೆ ಬಂದು ನಿಂತ ಗಂಡು ಅಮೆರಿಕದ್ದು, ಕೆಂಪು ಹೊಟ್ಟೆ, ರೆಕ್ಕೆಗೆ ಬಿಳಿ ಅಂಚು. ನಮ್ಮ ಜಾತಿಯ ಗಂಡು ಬರಲಿಲ್ಲ. ಅವು ಉಳಿದಿರುವುದೇ ಬೆರಳೆಣಿಕೆಯಷ್ಟು.

"ಆ ಮೊಟ್ಟೆ ಬಹುಪಾಲು ಸಾಯುತ್ತೆ ಅತ್ತೆ. ಅಪ್ಪಿತಪ್ಪಿ ಮರಿಯಾದ್ರೂ ಆ ಮರಿಗೆ ಮರಿ ಆಗಲ್ಲ" ಎಂದಳು ಸೋಲ್ವಿ.

ಹೆಣ್ಣು ಮೀನಿಗೆ ಅದು ತಿಳಿಯದು. ಅದು ಮೊಟ್ಟೆಯಿಟ್ಟು, ಮೇಲಕ್ಕೆ ಸರಿದು, ಜಲ್ಲಿಯನ್ನು ಎಷ್ಟು ಜೋಪಾನವಾಗಿ ಮುಚ್ಚಿತು! ನನಗೆ ನೋಡಲಾಗಲಿಲ್ಲ. ನಾವಿಬ್ಬರೂ ಕ್ಯಾನು ಹೊತ್ತು ಹತ್ತಿದ್ದು ಈ ತೊರೆ ಖಾಲಿಯಾಗದಿರಲಿ ಎಂದು. ಅದು ಖಾಲಿಯಾಗಿಯೇ ಇರಲಿಲ್ಲ. ಮೇಲೆ ಇವು ಇದ್ದವು, ನಮಗೆ ಕಾಣಲಿಲ್ಲ, ಅಷ್ಟೆ. ಆ ತಿಳಿ ನೀರಿನಲ್ಲೂ ಕಾಣಲಿಲ್ಲ.

ಆದ್ದರಿಂದ ಸಭಿಕರೇ, ನನ್ನ ಉತ್ತರ ಹೌದು. ಹಿಡಿಯಿರಿ. ಕೆಳಗಿನ ಜಲಪಾತ ಹತ್ತಿ ಆ ಮೀನು ಮತ್ತೆ ಬರಲಾರದು. ಆಸ್ಲಾಕ್ ತಂದ ಮೀನು ಒಮ್ಮೆ ಹೋದರೆ ಹೋಯಿತು ಎಂದು ತಿಳಿದೇ ಹೇಳುತ್ತಿದ್ದೇನೆ.

ಚಪ್ಪಾಳೆ ಆಮೇಲೆ. ಒಂದು ಷರತ್ತಿದೆ. ಸತ್ತ ಮೀನನ್ನು ಗುಂಡಿ ತೆಗೆದು ಹೂಳುವುದು ಎಂದು ನಿಮ್ಮ ಯೋಜನೆಯಲ್ಲಿದೆ. ಕೂಡದು. ನಮ್ಮ ಮನೆಯವರು ಆ ತೊರೆಯಿಂದ ಎತ್ತಿದ್ದನ್ನು ಎಂದೂ ಮಣ್ಣಿಗೆ ಹಾಕಿಲ್ಲ. ಹಿಡಿದ ಮೀನು ಅಷ್ಟನ್ನೂ ನನ್ನ ನೆಲಮಾಳಿಗೆಗೆ ತನ್ನಿ. ನಾನೇ ಶುಚಿ ಮಾಡಿ, ಉಪ್ಪು ಹಾಕಿ, ಪೀಪಾಯಿಯಲ್ಲಿ ಅದುಮಿ, ಮೇಲೆ ಕಲ್ಲು ಹೇರುತ್ತೇನೆ. ಕ್ರಿಸ್‌ಮಸ್ ಹೊತ್ತಿಗೆ ಹುಳಿ ಬಂದು ಹದವಾಗಿರುತ್ತದೆ. ಮೀನು ಕೊಂದ ಕೈಗಳೆಲ್ಲ ನನ್ನ ಮೇಜಿಗೆ ಬಂದು ತಿನ್ನಬೇಕು. ವಾಸನೆ ಎಂದು ಮೂಗು ಮುಚ್ಚುವ ಹರೆಯದವರೂ ಬರಬೇಕು. ಮೊದಲ ತುಂಡು ಅಧ್ಯಕ್ಷರಿಗೆ.

ಉಂಡ ಮೇಲೆ ಉಣಿಸಿದವರಿಗೆ ವಂದನೆ ಹೇಳದೆ ನಮ್ಮಲ್ಲಿ ಯಾರೂ ಮೇಜು ಬಿಟ್ಟು ಏಳುವುದಿಲ್ಲ. ಆ ದಿನ ಅದನ್ನು ನನಗೆ ಹೇಳಬೇಡಿ. ಎಲ್ಲರೂ ಎದ್ದು ನಿಂತು, ಗಟ್ಟಿಯಾಗಿ, "ಊಟಕ್ಕೆ ವಂದನೆ, ಆಸ್ಲಾಕ್" ಎನ್ನಿ.

ಇಷ್ಟು ಹೊತ್ತು ಕಾಫಿ ಆರಿದರೂ ಸುಮ್ಮನೆ ಕೂತು ಕೇಳಿದ್ದೀರಿ. ನಿಮ್ಮೆಲ್ಲರಿಗೂ ಕೃತಜ್ಞಳಾಗಿದ್ದೇನೆ. ನಮಸ್ಕಾರ.